ಎಲೆಯಾಟದಿಂದ ವರ್ಗೀಕರಣದ ಪಾಠ

ಇಸ್ಪೀಟಿನ ಎಲೆಗಳನ್ನು ಪಾಠಶಾಲೆಯ ಹೊಸಿಲೊಳಕ್ಕೆ ತರುವುದೆಂದರೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜವೇ ಆಗಿದೆ. ನಮ್ಮ ಸೀಮೆಯಲ್ಲಿ ಈ ಎಲೆಗಳ ಹೆಸರಿನೊಡನೆ ಸಾಲ, ಜಗಳ, ಅಡವಿಟ್ಟ ಹೊಲ ಮೊದಲಾದವುಗಳ ನೆನಪು ಬೆರೆತು ಬಂದಿದೆ. ಆದರೂ ಉಪಾಧ್ಯಾಯರಾದವರು ಒಂದು ಸಂಗತಿಯನ್ನು ಗಮನಿಸದೆ ಇರಲಾಗದು. ಐದನೆಯ ತರಗತಿಯನ್ನು ಇನ್ನೂ ದಾಟದ ಹುಡುಗನ ಕೈಗೆ ಕಲಸಿದ ಹದಿಮೂರು ಎಲೆಗಳನ್ನು ಕೊಟ್ಟು ನೋಡಿರಿ. ಆತನು ಅರೆನಿಮಿಷದೊಳಗೆ ಆಟೀನನ್ನು ಒಂದೆಡೆ, ಕಳಾವರನ್ನು ಒಂದೆಡೆ ಕೂಡಿಸಿ, ಎಕ್ಕ, ರಾಜ, ರಾಣಿ, ಗುಲಾಮ ಎಂಬ ಕ್ರಮದಲ್ಲಿ ಹೊಂದಿಸಿ, ಬೀಸಣಿಗೆಯಂತೆ ಹಿಡಿದುಕೊಳ್ಳುತ್ತಾನೆ. ಅದೇ ಹುಡುಗನಿಗೆ ವಿಜ್ಞಾನದ ಅವಧಿಯಲ್ಲಿ ಬಾವಲಿ, ಕಾಗೆ, ಚಿಟ್ಟೆ, ಮೀನು ಇವುಗಳನ್ನು ವಿಂಗಡಿಸೆಂದರೆ ಸೂರಿನ ಕಡೆಗೆ ನೋಡುತ್ತಾನೆ. ಎರಡೂ ಒಂದೇ ಜಾತಿಯ ಕೆಲಸ. ಒಂದು ಬರುತ್ತದೆ, ಇನ್ನೊಂದು ಬರುವುದಿಲ್ಲ. ಈ ಅಂತರಕ್ಕೆ ಕಾರಣವೇನು, ಅದನ್ನು ತುಂಬುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

ವರ್ಗೀಕರಣವನ್ನು ನಾವು ಸಾಮಾನ್ಯವಾಗಿ ಕಲಿಸುವುದು ಹೆಸರುಗಳಿಂದ. ಕಶೇರುಕಗಳು, ಅಕಶೇರುಕಗಳು, ಸಂಧಿಪದಿಗಳು, ಉಭಯವಾಸಿಗಳು, ಸರೀಸೃಪಗಳು, ಸಸ್ತನಿಗಳು ಎಂದು ಕಪ್ಪುಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಎರಡೆರಡು ಉದಾಹರಣೆಗಳನ್ನು ಕೊಡುತ್ತೇವೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಪರೀಕ್ಷೆಯಲ್ಲಿ ಅಂಕಗಳೂ ಬರುತ್ತವೆ. ಆದರೆ ಕೊಟ್ಟ ಎರಡು ಉದಾಹರಣೆಗಳ ಆಚೆಗಿನ ಮೂರನೆಯ ಪ್ರಾಣಿಯೊಂದನ್ನು ಮುಂದಿಟ್ಟರೆ ಬಾಯಿಪಾಠವು ನೆರವಿಗೆ ಬಾರದು. ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಹಳೆಯ ಬಳ್ಳಾರಿ ಜಿಲ್ಲೆಯು ವಿಭಾಗವಾದಾಗ ಆದವಾನಿ, ಆಲೂರು ತಾಲ್ಲೂಕುಗಳೊಡನೆ ರಾಯದುರ್ಗವೂ ಆಂಧ್ರಕ್ಕೆ ಸೇರಿತು. ಮಡಕಶಿರವು ಬಹು ಪಾಲು ಕರ್ನಾಟಕದ ನೆಲದಿಂದಲೇ ಸುತ್ತುವರಿದಿದ್ದರೂ ಅನಂತಪುರ ಜಿಲ್ಲೆಯಲ್ಲಿಯೇ ಇದ್ದು, ೨೦೨೨ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಈ ಎರಡೂ ಕಡೆ ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಮತ್ತೊಂದು ಮಾತು. ಮಗುವು 'ಸರೀಸೃಪ' ಎಂಬ ಪದವನ್ನು ಉಚ್ಚರಿಸಲು ಪಡುವ ಶ್ರಮದಲ್ಲಿಯೇ ಅದರ ಗಮನವೆಲ್ಲ ವ್ಯಯವಾಗಿ, ಉಡವನ್ನೂ ಹಲ್ಲಿಯನ್ನೂ ಒಟ್ಟಿಗೆ ಇಡುವ ಲಕ್ಷಣ ಯಾವುದೆಂಬುದರ ಕಡೆಗೆ ಅದು ತಿರುಗುವುದೇ ಇಲ್ಲ. ಕನ್ನಡ ಮಾಧ್ಯಮದ ಮಗು ವಿಜ್ಞಾನದಲ್ಲಿ ಹಿಂದೆ ಬೀಳುತ್ತದೆಂದು ತಂದೆತಾಯಿಗಳು ಶಂಕಿಸುವುದುಂಟು. ಆ ಶಂಕೆಗೆ ಉತ್ತರ ಹೇಳಬೇಕಾದದ್ದು ಭಾಷಣದಲ್ಲಲ್ಲ, ತರಗತಿಯ ಕೊಠಡಿಯಲ್ಲಿ.

ಬಿಡಿ ಎಲೆಗಳಿಂದ ವರ್ಗೀಕರಿಸುವುದು ಮಕ್ಕಳ ಆಟವೆಂದು ಹಗುರವಾಗಿ ಕಾಣತಕ್ಕದ್ದಲ್ಲ. ಸಸ್ಯಗಳಿಗೂ ಪ್ರಾಣಿಗಳಿಗೂ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ತನ್ನ ಇಳಿವಯಸ್ಸಿನಲ್ಲಿ ಒಂದೇ ಅಳತೆಯ ಕಾಗದದ ತುಂಡುಗಳ ಮೇಲೆ ಒಂದೊಂದು ಜೀವಿಯ ವಿವರವನ್ನು ಬರೆದಿಡುತ್ತಿದ್ದನು. ಹೊಲಿದ ಪುಸ್ತಕದಲ್ಲಿ ಹೊಸ ಜೀವಿಗೆ ನಡುವೆ ಎಡೆಮಾಡಿಕೊಡುವುದು ಕಷ್ಟ. ಬಿಡಿ ಕಾಗದವಾದರೆ ಬೇಕೆಂದಲ್ಲಿ ಸೇರಿಸಬಹುದು, ತಪ್ಪಾದಲ್ಲಿ ತೆಗೆದು ಬೇರೆಡೆ ಇಡಬಹುದು. ರಷ್ಯಾದ ಮೆಂಡಲೀಫನು ೧೮೬೯ರಲ್ಲಿ ಅಂದಿಗೆ ತಿಳಿದಿದ್ದ ೬೩ ಮೂಲವಸ್ತುಗಳ ಹೆಸರು, ತೂಕ, ಗುಣಗಳನ್ನು ಎಲೆಗಳ ಮೇಲೆ ಬರೆದು, ಒಬ್ಬನೇ ಕುಳಿತು ಆಡುವ ಇಸ್ಪೀಟಿನಂತೆ ಹರಡಿ ಜೋಡಿಸಿದನೆಂಬ ಕಥೆ ಬಹು ಪ್ರಸಿದ್ಧವಾಗಿದೆ. ಆ ಎಲೆಗಳು ಇಂದು ಉಳಿದಿಲ್ಲವಾದ್ದರಿಂದ ಕಥೆಯನ್ನು ಕಥೆಯಾಗಿಯೇ ಹೇಳುವುದು ಲೇಸು. ಆದರೆ ಆತನು ಮಾಡಿದ ಕೆಲಸವು ನಿಶ್ಚಯವಾಗಿಯೂ ಎಲೆಯಾಟದ ಜಾಣ್ಮೆಯದೇ. ಕೈಯಲ್ಲಿಲ್ಲದ ಎಲೆಗೆ ಜಾಗ ಬಿಟ್ಟು ಕಾದನು. ಬಿಟ್ಟ ಜಾಗಗಳಿಗೆ ತಕ್ಕ ಗ್ಯಾಲಿಯಂ ೧೮೭೫ರಲ್ಲಿಯೂ, ಸ್ಕ್ಯಾಂಡಿಯಂ ೧೮೭೯ರಲ್ಲಿಯೂ, ಜರ್ಮೇನಿಯಂ ೧೮೮೬ರಲ್ಲಿಯೂ ದೊರೆತವು. ಕಾಣದ ಈ ವಸ್ತುಗಳಿಗೆ ಆತನು ಇಟ್ಟಿದ್ದ ತಾತ್ಕಾಲಿಕ ಹೆಸರುಗಳ ಮೊದಲಲ್ಲಿ ನಮ್ಮ ಸಂಸ್ಕೃತದ 'ಏಕ' ಎಂಬ ಪದವಿತ್ತು. ಇಸ್ಪೀಟಿನ 'ಎಕ್ಕ'ವೂ ಅದೇ ಏಕವೆಂದು ಹೇಳಿದರೆ ಮಕ್ಕಳು ಬಹಳ ಸಂತೋಷಪಡುತ್ತಾರೆ. (ಬೇಲಿಯ ಮೇಲಿನ ಎಕ್ಕದ ಗಿಡ ಮಾತ್ರ ಬೇರೆ, ಅದು 'ಅರ್ಕ'ದಿಂದ ಬಂದದ್ದು.)

ಇನ್ನು ಎಲೆಗಳನ್ನು ಸಿದ್ಧಪಡಿಸುವ ಕ್ರಮ. ಮದುವೆಯ ಕಾಲ ಮುಗಿದ ಮೇಲೆ ಪ್ರತಿ ಮನೆಯಲ್ಲಿಯೂ ಲಗ್ನಪತ್ರಿಕೆಗಳು ಬಿದ್ದಿರುತ್ತವೆ. ಅವುಗಳ ಖಾಲಿ ಮಗ್ಗುಲನ್ನು ಒಂದೇ ಅಳತೆಗೆ ಕತ್ತರಿಸಿ, ಅಚ್ಚಾದ ಮಗ್ಗುಲಿಗೆ ಬಿಳಿಯ ಕಾಗದವನ್ನು ಅಂಟಿಸಿದರೆ ಗಟ್ಟಿಯಾದ ಎಲೆಗಳಾಗುತ್ತವೆ. ಪ್ರಾಣಿಗಳ ಕಟ್ಟೊಂದಕ್ಕೆ ೩೨ ಎಲೆಗಳು ಸಾಕು. ಅವುಗಳಲ್ಲಿ ೧೬ ಬೆನ್ನೆಲುಬುಳ್ಳವು, ೧೬ ಇಲ್ಲದವು. ಎಲೆಯ ಮೇಲ್ಭಾಗದಲ್ಲಿ ಪ್ರಾಣಿಯ ಚಿತ್ರವನ್ನು ಮಕ್ಕಳೇ ಬರೆಯಬೇಕು. ಕೆಳಗೆ ಐದು ಸಾಲುಗಳು: ಬೆನ್ನೆಲುಬು ಉಂಟೋ ಇಲ್ಲವೋ, ಮೈಮೇಲಿನ ಹೊದಿಕೆ, ಉಸಿರಾಡುವ ಅಂಗ, ಮೊಟ್ಟೆಯೋ ಹಾಲೂಡುವ ಮರಿಯೋ, ಮೈಯ ಶಾಖ ಸ್ಥಿರವೋ ಸುತ್ತಲಿನ ಹವೆಯಂತೆ ಏರಿಳಿಯುವುದೋ. ಬೆನ್ನೆಲುಬಿಲ್ಲದವುಗಳ ಎಲೆಯಲ್ಲಿ ಕಾಲುಗಳ ಸಂಖ್ಯೆಯೆಂಬ ಆರನೆಯ ಸಾಲು ಅವಶ್ಯ. ಇಲ್ಲವಾದರೆ ಎಂಟು ಕಾಲಿನ ಜೇಡವು ಆರು ಕಾಲಿನ ಕೀಟಗಳ ನಡುವೆ ಸದ್ದಿಲ್ಲದೆ ನುಸುಳಿಬಿಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವರ್ಗದ ಹೆಸರನ್ನು ಎಲೆಯ ಮೇಲೆ ಎಂದಿಗೂ ಬರೆಯಕೂಡದು. ಅಂಗಡಿಗಳಲ್ಲಿ ದೊರೆಯುವ ಚಿತ್ರದ ಎಲೆಗಳಲ್ಲಿ 'ಸಸ್ತನಿ', 'ಪಕ್ಷಿ' ಎಂದು ಮೂಲೆಯಲ್ಲಿಯೇ ಅಚ್ಚಾಗಿರುವುದುಂಟು. ಹಾಗಿದ್ದರೆ ಮಗುವು ಅಕ್ಷರಕ್ಕೆ ಅಕ್ಷರವನ್ನು ಹೊಂದಿಸುತ್ತದೆಯೇ ಹೊರತು ಪ್ರಾಣಿಗೆ ಪ್ರಾಣಿಯನ್ನಲ್ಲ. ಇಸ್ಪೀಟಿನಲ್ಲಿ ಕುಲದ ಗುರುತು ಎಲೆಯ ಮೇಲೆಯೇ ಇರುತ್ತದೆ. ಪ್ರಕೃತಿಯಲ್ಲಿ ಹಾಗೆ ಯಾರೂ ಗುರುತು ಹಾಕಿಟ್ಟಿಲ್ಲ. ಮೊದಲು ಕೇಳಿದ ಪ್ರಶ್ನೆಗೆ, ಎಂದರೆ ಇಸ್ಪೀಟನ್ನು ಬಲ್ಲ ಹುಡುಗನು ಬಾವಲಿಯ ಮುಂದೆ ಏಕೆ ತಡವರಿಸುತ್ತಾನೆ ಎಂಬುದಕ್ಕೆ, ಉತ್ತರ ಇದೇ. ಕುಲವನ್ನು ಹುಡುಕಿ ತೆಗೆಯುವ ಕೆಲಸವೇ ಪಾಠ, ಅದನ್ನು ಅಚ್ಚು ಹಾಕಿ ಕೊಟ್ಟರೆ ಪಾಠವೇ ಉಳಿಯುವುದಿಲ್ಲ.

ಮೊದಲನೆಯ ಆಟವು ಬಹು ಸರಳ. ೩೨ ಎಲೆಗಳನ್ನೂ ನೆಲದ ಮೇಲೆ ಹರಡಿ, ಒಬ್ಬನು ಮನಸ್ಸಿನಲ್ಲಿಯೇ ಒಂದನ್ನು ಆರಿಸಿಕೊಳ್ಳುವುದು. ಉಳಿದವರು 'ಹೌದು', 'ಅಲ್ಲ' ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಮಾತ್ರ ಕೇಳಿ ಅದನ್ನು ಕಂಡುಹಿಡಿಯುವುದು. ಮೊದಮೊದಲು ಮಕ್ಕಳು 'ನಾಯಿಯೇ?', 'ಕಪ್ಪೆಯೇ?' ಎಂದು ಒಂದೊಂದಾಗಿ ಕೇಳಿ ಸೋಲುತ್ತಾರೆ. ಎರಡನೆಯ ದಿನದ ಹೊತ್ತಿಗೆ ಯಾರಾದರೂ ಒಬ್ಬರು 'ಬೆನ್ನೆಲುಬು ಉಂಟೆ?' ಎಂದು ಕೇಳುತ್ತಾರೆ, ಒಂದೇ ಪ್ರಶ್ನೆಗೆ ಹದಿನಾರು ಎಲೆಗಳು ಬದಿಗೆ ಸರಿಯುತ್ತವೆ. ಆಮೇಲೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಪ್ರತಿಯೊಂದು ಪ್ರಶ್ನೆಯೂ ಉಳಿದದ್ದನ್ನು ಅರ್ಧಕ್ಕೆ ಇಳಿಸಿದರೆ ೧೬, ೮, ೪, ೨, ೧ ಎಂದು ಐದೇ ಪ್ರಶ್ನೆಗಳಲ್ಲಿ ಎಲೆಯು ಸಿಕ್ಕಿಬೀಳುತ್ತದೆ. ಹತ್ತು ಪ್ರಶ್ನೆಗಳಿದ್ದರೆ ಸಾವಿರಕ್ಕಿಂತ ಹೆಚ್ಚು ಜೀವಿಗಳ ನಡುವಿನಿಂದ ಒಂದನ್ನು ಆರಿಸಬಹುದೆಂಬ ಲೆಕ್ಕವನ್ನು ಗಣಿತದ ಉಪಾಧ್ಯಾಯರು ಮುಂದುವರಿಸಬಹುದು. ಸಸ್ಯಶಾಸ್ತ್ರಜ್ಞರು ಕಾಡಿನಲ್ಲಿ ಗಿಡದ ಹೆಸರನ್ನು ಗೊತ್ತುಮಾಡಲು ಬಳಸುವ ಕೈಪಿಡಿಗಳು ಇದೇ ಕವಲಿನ ಕ್ರಮದಲ್ಲಿ ರಚಿತವಾದುವು.

ಎರಡನೆಯ ಆಟವೇ ನಮಗೆ ಮುಖ್ಯವಾದುದು. ಇದು ರಮ್ಮಿಯ ಮಾದರಿಯದು. ನಾಲ್ವರು ಕುಳಿತು ತಲೆಗೆ ಐದರಂತೆ ಎಲೆಗಳನ್ನು ಹಂಚಿಕೊಂಡು, ಉಳಿದ ಹನ್ನೆರಡನ್ನು ನಡುವೆ ಬೋರಲಾಗಿ ಇಡುವುದು. ಸರದಿಯಂತೆ ಒಂದನ್ನು ಎತ್ತಿಕೊಂಡು ಒಂದನ್ನು ಎಸೆಯುವುದು. ಕೈಯಲ್ಲಿ ಒಂದು ಗುಂಪಿಗೆ ಸೇರತಕ್ಕ ಮೂರು ಎಲೆಗಳು ಕೂಡಿದಾಗ ಅವನ್ನು ಕೆಳಗಿಳಿಸಿ, ಏಕೆ ಒಂದು ಗುಂಪು ಎಂಬುದನ್ನು ಪೂರ್ಣ ವಾಕ್ಯದಲ್ಲಿ ಹೇಳುವುದು. ಅಂಕಗಳ ನಿಯಮ ಹೀಗೆ: ಆ ಮೂರು ಎಲೆಗಳ ಮೇಲೆ ಬರೆದಿರುವ ಐದು ಲಕ್ಷಣಗಳಲ್ಲಿ ಎಷ್ಟು ಸಮಾನವಾಗಿವೆಯೋ ಅಷ್ಟು ಅಂಕಗಳು. ಯಾರಾದರೂ 'ಆಕ್ಷೇಪ' ಎಂದು ಕೂಗಿ ತಪ್ಪನ್ನು ತೋರಿಸಿದರೆ ಅಂಕಗಳು ಆಕ್ಷೇಪಿಸಿದವರಿಗೆ.

ಈ ನಿಯಮದ ಸೊಗಸನ್ನು ಆಡಿಸಿ ನೋಡಿಯೇ ತಿಳಿಯಬೇಕು. ಒಬ್ಬ ಹುಡುಗಿಯು ಬಾವಲಿ, ಕಾಗೆ, ಚಿಟ್ಟೆಗಳನ್ನು ಇಳಿಸಿ 'ಇವು ಮೂರೂ ಹಾರುತ್ತವೆ' ಎನ್ನುತ್ತಾಳೆಂದು ಇಟ್ಟುಕೊಳ್ಳಿರಿ. ಆಕೆ ಹೇಳಿದ್ದು ಸುಳ್ಳಲ್ಲ, ಹಾರುವುದೂ ಒಂದು ಗುಂಪೇ. ಆದರೆ ಸಾಲುಗಳನ್ನು ಹೋಲಿಸಿದರೆ ಕೈಗೆ ಬಂದ ಅಂಕ ಸೊನ್ನೆ! ಬಾವಲಿಗೆ ಕೂದಲು, ಕಾಗೆಗೆ ಗರಿ, ಚಿಟ್ಟೆಗೆ ಬೆನ್ನೆಲುಬೇ ಇಲ್ಲ. ಅದೇ ಬಾವಲಿಯನ್ನು ನಾಯಿ, ಆಕಳುಗಳೊಡನೆ ಇಟ್ಟವನಿಗೆ ಐದಕ್ಕೆ ಐದು. ಒಂದು ಪ್ರಾಣಿ ಹಾರುತ್ತದೆಂದು ತಿಳಿದರೆ ಅದರ ವಿಷಯವಾಗಿ ಮತ್ತೇನನ್ನೂ ಊಹಿಸಲಾರೆವು. ಮರಿಗೆ ಹಾಲೂಡುತ್ತದೆಂದು ತಿಳಿದರೆ ಬೆನ್ನೆಲುಬು, ಕೂದಲು, ಶ್ವಾಸಕೋಶ, ಬಿಸಿರಕ್ತ ಎಲ್ಲವೂ ಬಾಲದಂತೆ ಹಿಂದೆಯೇ ಬರುತ್ತವೆ. ಒಂದು ಲಕ್ಷಣವು ಹಲವು ಲಕ್ಷಣಗಳನ್ನು ಕರೆತರುವ ಗುಂಪೇ ಸಹಜವಾದ ಗುಂಪು. ಈ ಮಾತನ್ನು ನಾವು ಅರ್ಧ ಗಂಟೆ ವಿವರಿಸಿದರೂ ಹಿಡಿಯದ ತಲೆಗಳು ಎರಡು ಸಲ ಸೊನ್ನೆ ಪಡೆದೊಡನೆ ಹಿಡಿಯುವುದನ್ನು ಕಂಡಿದ್ದೇವೆ.

ಚಿಪ್ಪುಹಂದಿಯ ಎಲೆ ಬಂದಾಗ ತರಗತಿಯಲ್ಲಿ ಗದ್ದಲವೇ ಏಳುತ್ತದೆ. ಅದನ್ನು ಕಣ್ಣಾರೆ ಕಂಡ ಮಕ್ಕಳು ಕಡಿಮೆ. ಮೈಮೇಲೆ ಹಾವಿನಂತೆ ಚಿಪ್ಪು ಇರುವುದರಿಂದ ಅದನ್ನು ಉಡ, ನಾಗರಹಾವುಗಳ ಜೊತೆಗೆ ಇಡುತ್ತಾರೆ. ಬೆನ್ನೆಲುಬು, ಚಿಪ್ಪು, ಶ್ವಾಸಕೋಶ ಎಂದು ಮೂರು ಅಂಕ ಬರುತ್ತದೆ. ಆದರೆ ನಾಯಿ, ಬಾವಲಿಗಳ ಜೊತೆಗಿಟ್ಟರೆ ಹೊದಿಕೆಯೊಂದನ್ನು ಬಿಟ್ಟು ಉಳಿದ ನಾಲ್ಕೂ ಹೊಂದುತ್ತವೆ. ಕಣ್ಣಿಗೆ ರಾಚುವ ಲಕ್ಷಣಕ್ಕಿಂತ ಎಣಿಕೆಯ ಲಕ್ಷಣಗಳು ಹೆಚ್ಚೆಂಬುದು ಅಲ್ಲಿಗೆ ಸಿದ್ಧವಾಯಿತು. ಕಪ್ಪೆಯ ಉಸಿರಾಟದ ಸಾಲಿನಲ್ಲಿ 'ಮರಿಯಲ್ಲಿ ಕಿವಿರು, ಬೆಳೆದ ಮೇಲೆ ಶ್ವಾಸಕೋಶ ಮತ್ತು ಚರ್ಮ' ಎಂದು ಇರುವುದರಿಂದ ಮಕ್ಕಳು ಅದಕ್ಕೆ ಜೋಕರ್ ಎಂದು ಹೆಸರಿಟ್ಟಿದ್ದಾರೆ. ಚೇಳಿನ ಎಲೆಯೂ ಕಡಿಮೆಯ ಕೀಟಲೆಯದಲ್ಲ. ಚೇಳು ಮರಿ ಹಾಕಿ ಬೆನ್ನ ಮೇಲೆ ಹೊತ್ತು ತಿರುಗುವುದನ್ನು ಕಲ್ಲು ಎಬ್ಬಿಸಿ ನೋಡಿದ ಹಳ್ಳಿಯ ಮಕ್ಕಳು ಬಲ್ಲರು. 'ಹಾಗಾದರೆ ಅದೂ ಹಸುವಿನ ಗುಂಪೇ?' ಎಂಬ ಪ್ರಶ್ನೆ ಬಂದರೆ ಉಪಾಧ್ಯಾಯರು ಉತ್ತರಿಸಲು ಅವಸರಪಡಬಾರದು. ಹಾಲಿಲ್ಲ, ಬೆನ್ನೆಲುಬಿಲ್ಲ, ಕಾಲು ಎಂಟು ಎಂದು ಎದುರಾಳಿಯೇ ಆಕ್ಷೇಪ ಹೂಡುತ್ತಾನೆ.

ಹೀಗೆ ವಾದಿಸುವ ಮಕ್ಕಳಿಗೆ ಲಿನೇಯಸನ ಕಥೆಯ ಇನ್ನೊಂದು ಭಾಗವನ್ನು ಹೇಳಿದರೆ ಧೈರ್ಯ ಬರುತ್ತದೆ. ೧೭೩೫ರ ತನ್ನ ಗ್ರಂಥದಲ್ಲಿ ಆತನು ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿಯೇ ಇಟ್ಟಿದ್ದನು. ೧೭೫೮ರ ಹತ್ತನೆಯ ಆವೃತ್ತಿಯಲ್ಲಿ ಅದನ್ನು ಅಲ್ಲಿಂದ ಎತ್ತಿ ಸಸ್ತನಿಗಳಲ್ಲಿ ಸೇರಿಸಿದನು. ಅದೇ ಆವೃತ್ತಿಯಲ್ಲಿ ಬಾವಲಿಯನ್ನು ಮಾತ್ರ ಮನುಷ್ಯ, ಕೋತಿಗಳ ಗಣದಲ್ಲಿ ಕೂಡಿಸಿದ್ದನು! ಅಲ್ಲಿಂದ ಅದನ್ನು ಬೇರ್ಪಡಿಸಿದವರು ಮುಂದಿನವರು. ಮೆಂಡಲೀಫನಾದರೋ ತೂಕದ ಕ್ರಮದಲ್ಲಿಯೇ ಜೋಡಿಸುತ್ತ ಬಂದು, ಟೆಲ್ಯೂರಿಯಂ ಮತ್ತು ಅಯೋಡಿನ್ ಎದುರಾದಾಗ ತೂಕವನ್ನು ಬದಿಗಿಟ್ಟು ಗುಣಕ್ಕೆ ಮನ್ನಣೆ ಕೊಟ್ಟನು. ಅದೇ ಸರಿಯೆಂಬುದು ೧೯೧೩ರಲ್ಲಿ ಮೋಸ್ಲಿಯು ಪರಮಾಣು ಸಂಖ್ಯೆಯನ್ನು ಅಳೆದು ತೋರಿಸಿದ ಮೇಲೆ ಸ್ಪಷ್ಟವಾಯಿತು. ವರ್ಗೀಕರಣವು ಶಿಲಾಶಾಸನವಲ್ಲ, ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಹೊಂದಿಸುವ ಎಲೆಗಳು.

ಸಸ್ಯಗಳ ಕಟ್ಟಿಗೆ ಚಿತ್ರ ಬರೆಯುವ ಶ್ರಮವೂ ಬೇಡ. ಹಳೆಯ ಪುಸ್ತಕದ ನಡುವೆ ಒಣಗಿಸಿದ ನಿಜವಾದ ಎಲೆಯನ್ನೇ ಅಂಟಿಸಬಹುದು. ರಾಗಿ, ಜೋಳ, ಸಜ್ಜೆ, ಈಚಲು ಇವುಗಳ ನರಗಳು ಒಂದರ ಪಕ್ಕದಲ್ಲೊಂದು ಸಾಗುತ್ತವೆ; ತೊಗರಿ, ಬೇವು, ಎಕ್ಕ, ಹರಳು ಇವುಗಳಲ್ಲಿ ಬಲೆಯಂತೆ ಹೆಣೆದಿರುತ್ತವೆ. ಬೀಜವನ್ನು ಒಡೆದು ನೋಡದೆಯೇ ಏಕದಳವೋ ದ್ವಿದಳವೋ ಎಂಬುದನ್ನು ಬಹುಮಟ್ಟಿಗೆ ಬೆರಳಿನಿಂದ ಮುಟ್ಟಿ ಹೇಳಬಹುದು. ಪ್ರತಿಯೊಂದು ಎಲೆಯ ಮೇಲೂ ಗಿಡದ ಕನ್ನಡದ ಹೆಸರನ್ನೂ ತೆಲುಗಿನ ಹೆಸರನ್ನೂ ಬರೆಯುವುದು ನಮ್ಮ ಪದ್ಧತಿ: ಹುಣಸೆಗೆ ಚಿಂತ, ಬೇವಿಗೆ ವೇಪ, ಹೊಂಗೆಗೆ ಕಾನುಗ, ಎಕ್ಕಕ್ಕೆ ಜಿಲ್ಲೇಡು, ತಂಗಡಿಗೆ ತಂಗೇಡು. ತೆಲುಗು ಮನೆಯ ಮಾತಾದ ಮಗುವಿಗೆ ಇದರಿಂದ ಆಟದಲ್ಲಿ ಸಮಾನವಾದ ಸ್ಥಾನ ದೊರೆಯುತ್ತದೆ, ಕನ್ನಡದ ಪದವೂ ತಾನಾಗಿ ಬಾಯಿಗೆ ಬರುತ್ತದೆ. ಊರಿಗೊಂದು ಹೆಸರಿರುವ ಗಿಡಕ್ಕೆ ಲೋಕಕ್ಕೆಲ್ಲ ಒಂದೇ ಹೆಸರು ಏಕೆ ಬೇಕಾಯಿತೆಂಬುದನ್ನು ಗಡಿನಾಡಿನ ಮಗುವಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಹೆಸರಿನ ಮಾತು ಬಂದುದರಿಂದ ಕಡಲೆಕಾಯಿಯ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ಮಳೆ ಕಡಿಮೆಯಾದ ನಮ್ಮ ಜಿಲ್ಲೆಯ ಬಾಳೆಲ್ಲ ನಿಂತಿರುವುದು ಈ ಬೆಳೆಯ ಮೇಲೆ. ಇದರ ತೌರು ದಕ್ಷಿಣ ಅಮೆರಿಕ. ಹೊರಗಿನಿಂದ ಬಂದ ಈ ಹೊಸ ಗಿಡವನ್ನು ಕನ್ನಡದ ರೈತನು 'ಕಡಲೆ' ಎಂದನು. ತೆಲುಗಿನ ರೈತನು 'ವೇರುಶನಗ', ಎಂದರೆ ಬೇರಿನ ಕಡಲೆ ಎಂದನು. ಯಾವ ಪುಸ್ತಕವನ್ನೂ ಓದದ ಇಬ್ಬರೂ ಅದನ್ನು ಕಡಲೆಯ ಕುಲಕ್ಕೇ ಸೇರಿಸಿದರು. ಸಸ್ಯಶಾಸ್ತ್ರದ ತೀರ್ಮಾನವೂ ಅದೇ. ಕಡಲೆ, ತೊಗರಿ, ಹುರುಳಿ, ಕಡಲೆಕಾಯಿ ಎಲ್ಲವೂ ಒಂದೇ ಕುಟುಂಬ. ಬೇರನ್ನು ಕಿತ್ತು ನೋಡಿದರೆ ಸಾರಜನಕವನ್ನು ಹಿಡಿದಿಡುವ ಸೂಕ್ಷ್ಮಜೀವಿಗಳ ಗಂಟುಗಳು ಇವುಗಳಲ್ಲೆಲ್ಲ ಕಾಣುತ್ತವೆ. ಆದರೆ 'ವೇರು' ಎಂಬುದೊಂದು ಮಾತ್ರ ಒಪ್ಪತಕ್ಕದ್ದಲ್ಲ. ಕಾಯಿಯು ಬೇರಿನಲ್ಲಿ ಹುಟ್ಟುವುದಿಲ್ಲ. ನೆಲದ ಮೇಲಿನ ಹಳದಿ ಹೂವು ಫಲಿತವಾದ ಮೇಲೆ ಅದರ ಬುಡದಿಂದ ಒಂದು ತೊಟ್ಟು ಇಳಿದು ಮಣ್ಣನ್ನು ಹೊಕ್ಕು ಅಲ್ಲಿ ಕಾಯಿಯಾಗುತ್ತದೆ. ೧೭೫೩ರಲ್ಲಿ ಲಿನೇಯಸನು ಕೊಟ್ಟ ಅರಾಕಿಸ್ ಹೈಪೋಜಿಯಾ ಎಂಬ ಹೆಸರಿನ ಎರಡನೆಯ ಪದಕ್ಕೆ 'ನೆಲದೊಳಗಿನ' ಎಂದೇ ಅರ್ಥ. ಹೊಲವು ಶಾಲೆಯ ಗೋಡೆಯ ಆಚೆಯೇ ಇದೆ. ಶ್ರಾವಣ ಭಾದ್ರಪದಗಳಲ್ಲಿ ಒಂದು ಗಿಡವನ್ನು ಬೇರುಸಹಿತ ತಂದರೆ ಗಂಟು, ತೊಟ್ಟು ಎರಡನ್ನೂ ಒಟ್ಟಿಗೆ ತೋರಿಸಬಹುದು. ಆ ಮೇಲೆ ಕಾಯಿಯ ಆಕಾರವನ್ನು ನೋಡಿ ಹುಣಸೆಯನ್ನೂ ಹೊಂಗೆಯನ್ನೂ ತಂಗಡಿಯನ್ನೂ ಇದೇ ಕುಟುಂಬಕ್ಕೆ ಸೇರಿಸುತ್ತಾರೆ. ಆಕಾಶಕ್ಕೆ ಎದ್ದ ಹುಣಸೆಮರವೂ ಗೇಣುದ್ದದ ಕಡಲೆಗಿಡವೂ ಒಂದೇ ಕುಲ ಹೇಗಾದೀತು ಎಂದು ನಮ್ಮ ತರಗತಿಯಲ್ಲಿ ಕೇಳಿದವರಿಗೆ, ಆಟೀನಿನ ರಾಜನೂ ಆಟೀನಿನ ಎರಡೂ ಒಂದೇ ಕುಲವಲ್ಲವೇ ಎಂದು ಹಿಂದಿನ ಸಾಲಿನ ಹುಡುಗನೊಬ್ಬನು ಉತ್ತರ ಕೊಟ್ಟನು.

ರಮ್ಮಿಯಲ್ಲಿ ಒಂದೇ ಬೆಲೆಯ ಎಲೆಗಳ ಗುಂಪಲ್ಲದೆ ಕ್ರಮವಾಗಿ ಸಾಗುವ ಸರಣಿಯೂ ಉಂಟಷ್ಟೆ. ಇದನ್ನು ಜೀವನಚಕ್ರಕ್ಕೆ ಒಗ್ಗಿಸಿಕೊಳ್ಳಬಹುದು. ಮಡಕಶಿರದ ಕಡೆಯ ಮಕ್ಕಳಿಗೆ ರೇಷ್ಮೆಹುಳು ಮನೆಯ ವಸ್ತು. ಮೊಟ್ಟೆ, ಹುಳು, ಗೂಡಿನೊಳಗಿನ ಕೋಶ, ಪತಂಗ ಎಂಬ ನಾಲ್ಕು ಎಲೆಗಳ ಸರಣಿಯನ್ನು ಅವರು ನಿದ್ದೆಯಲ್ಲಿಯೂ ಹೊಂದಿಸಬಲ್ಲರು. ಹುಳುವು ನಾಲ್ಕು ಸಲ ಪೊರೆ ಬಿಡುವುದನ್ನು ಸಾಕುವವರು 'ಜ್ವರ' ಎನ್ನುವುದರಿಂದ ನಾಲ್ಕು ಜ್ವರಗಳಿಗೂ ಬೇರೆ ಬೇರೆ ಎಲೆ ಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ಸರಣಿಯೆಂಬುದು ಒಂದೇ ಪ್ರಾಣಿಯ ನಾನಾ ರೂಪ, ಗುಂಪೆಂಬುದು ನಾನಾ ಪ್ರಾಣಿಗಳ ಒಂದೇ ಲಕ್ಷಣ. ಈ ಭೇದವನ್ನು ಮಾತ್ರ ಆಟದ ಆರಂಭದಲ್ಲಿಯೇ ತಿಳಿಸಬೇಕು.

ಜೂಜಿನ ಆಕ್ಷೇಪಕ್ಕೆ ಮರಳೋಣ. ಎಲೆಯಾಟವೆಲ್ಲ ಜೂಜಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟಗಳನ್ನು ಪೋಷಿಸಿ, ಹೊಸ ಆಟಗಳನ್ನು ರೂಪಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರಗಳನ್ನು ಬರೆಸಿದರು. ದಶಾವತಾರದ ಗಂಜೀಫಾದಲ್ಲಿ ಹತ್ತು ಕುಲ, ಕುಲಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು ೧೨೦. ಅರ್ಧ ಕುಲಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು! ಪುರಾಣವನ್ನೂ ಲೆಕ್ಕವನ್ನೂ ನೆನಪನ್ನೂ ಒಟ್ಟಿಗೆ ಕಲಿಸಿದ ಆಟವದು. ರಮ್ಮಿಯ ವಿಷಯವಾಗಿ ಆಂಧ್ರಪ್ರದೇಶದಿಂದ ಹೋದ ಮೊಕದ್ದಮೆಯೊಂದರಲ್ಲಿ, ೧೯೬೮ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಂತೆ, ಬಿದ್ದ ಎಲೆಗಳನ್ನು ನೆನಪಿಡುವುದಕ್ಕೂ ಹಿಡಿಯುವ ಬಿಡುವ ವಿವೇಚನೆಗೂ ಅದರಲ್ಲಿ ಹೆಚ್ಚಿನ ಪಾತ್ರವಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಒಪ್ಪಿತು. ಪಣವಿಟ್ಟು ಆಡುವುದು ಬೇರೆ ಮಾತು, ಅದಕ್ಕೆ ಶಾಲೆಯಲ್ಲಿ ಎಡೆಯಿಲ್ಲ. ಅಂಕಗಳನ್ನು ಎಣಿಸಲು ಹುಣಸೆಬೀಜಗಳನ್ನು ಬಳಸುವೆವು. ಅವಧಿ ಮುಗಿದೊಡನೆ ಎಲ್ಲ ಬೀಜಗಳೂ ಡಬ್ಬಿಗೆ ಮರಳಬೇಕು, ಒಂದೂ ಜೇಬಿಗೆ ಇಳಿಯಕೂಡದು. ರಾಜ, ರಾಣಿಯರ ಮಾಮೂಲು ಕಟ್ಟನ್ನು ತರಗತಿಗೆ ತರಲು ಅನುಮತಿಯಿಲ್ಲ. ಮೊದಲ ವಾರದಲ್ಲಿಯೇ ಪೋಷಕರನ್ನು ಕರೆದು ಆಟವನ್ನು ಆಡಿಸಿ ತೋರಿಸುವುದು ಉತ್ತಮ. ಚೇಳಿನ ಕಾಲುಗಳನ್ನು ಎಣಿಸುವುದರಲ್ಲಿ ತಂದೆಯು ಮಗಳಿಗೆ ಸೋತುದನ್ನು ಕಂಡ ಸಭೆಯು ಮತ್ತೆ ಜೂಜಿನ ಮಾತೆತ್ತಲಿಲ್ಲ.

ಆಟದಿಂದ ಪಾಠವೆಲ್ಲ ಮುಗಿಯಿತೆಂದು ತಿಳಿಯಬಾರದು. ವಾರಕ್ಕೆ ಎರಡು ಅವಧಿಗಳಿಗಿಂತ ಹೆಚ್ಚು ಆಡಿಸಿದರೆ ಎಲೆಗಳು ಬಾಯಿಪಾಠವಾಗಿಬಿಡುತ್ತವೆ. ಹಳೆಯ ರೋಗವೇ ಹೊಸ ವೇಷದಲ್ಲಿ ಬಂದಂತಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ನಾಲ್ಕು ಹಳೆಯ ಎಲೆಗಳನ್ನು ತೆಗೆದು ನಾಲ್ಕು ಹೊಸವನ್ನು ಸೇರಿಸುವುದು ಒಳ್ಳೆಯದು. ಸಸ್ತನಿ, ಸರೀಸೃಪ ಮುಂತಾದ ಪಾರಿಭಾಷಿಕ ಪದಗಳನ್ನು ಹೇಳಿಕೊಡುವ ಕಾಲವೂ ಆಗಲೇ. ಗುಂಪು ಕೈಯಲ್ಲಿ ನಿಂತ ಮೇಲೆ ಅದಕ್ಕೊಂದು ಹೆಸರು ಬೇಕೆಂದು ಮಕ್ಕಳೇ ಕೇಳುತ್ತಾರೆ, ಕೇಳಿ ಪಡೆದ ಪದವು ಕಠಿಣವೆನಿಸುವುದಿಲ್ಲ.

ಹೊಸ ಎಲೆಗಳಿಗಾಗಿ ರಾಯದುರ್ಗ, ಮಡಕಶಿರಗಳ ಕನ್ನಡ ಶಾಲೆಗಳು ತಮ್ಮ ಕಟ್ಟುಗಳನ್ನು ಅದಲುಬದಲು ಮಾಡಿಕೊಳ್ಳಬಹುದೆಂಬುದು ನಮ್ಮ ಸೂಚನೆ. ರಾಯದುರ್ಗದ ಕಡೆಯವರು ವೇದಾವತಿಯ, ಎಂದರೆ ನಮ್ಮ ಹಗರಿಯ, ಮರಳಿನಲ್ಲಿ ಬೆಳೆಯುವ ಗಿಡಗಳನ್ನೂ ಭೈರವಾನಿತಿಪ್ಪ ಜಲಾಶಯದ ಮೀನುಗಳನ್ನೂ ಬರೆದು ಕಳುಹಿಸಲಿ. ಮಡಕಶಿರದ ಕಡೆಯವರು ರೇಷ್ಮೆಹುಳುವಿನ ಸರಣಿಯನ್ನೂ, ಅಡಿಕೆ ತೆಂಗಿನ ತೋಟಗಳ ಜೀವಿಗಳನ್ನೂ, ಹಿಂದೂಪುರದ ಆಚೆ ವೀರಾಪುರದ ಹುಣಸೆಮರಗಳಿಗೆ ವರ್ಷವರ್ಷವೂ ಗೂಡು ಕಟ್ಟಲು ಬರುವ ಬಣ್ಣದ ಕೊಕ್ಕರೆಯನ್ನೂ ಕಳುಹಿಸಲಿ. ಎಲೆಗಳ ಅಳತೆ ಮಾತ್ರ ಎರಡೂ ಕಡೆ ಒಂದೇ ಇರತಕ್ಕದ್ದು: ಉದ್ದ ಮೂರೂವರೆ ಅಂಗುಲ, ಅಗಲ ಎರಡೂವರೆ. ಹಿಂಬದಿಗೆ ಅಂಟಿಸುವ ಕಾಗದವೂ ಒಂದೇ ಬಣ್ಣದ್ದಾಗಿರಲಿ. ಬೇರೆ ಬಣ್ಣವಾದರೆ ಯಾವ ಊರಿನ ಎಲೆಯೆಂಬುದನ್ನು ಎತ್ತುವ ಮೊದಲೇ ಮಕ್ಕಳು ಕಂಡುಕೊಳ್ಳುತ್ತಾರೆ.